ಲೋಥರನ ಕುರ್ಚಿ

ಜೂನ್ 17, ಸೋಮವಾರ

ಸಭಾಂಗಣದ ಕುರ್ಚಿಗಳ ಹನ್ನೊಂದನೆಯ ನಕ್ಷೆ. ಅದೂ ಕಸದ ಬುಟ್ಟಿಗೆ. ನಗರಸಭೆಗೆ ಹೊಸದಾಗಿ ಗೆದ್ದು ಬಂದ 'ನಮ್ಮೂರು ಮೊದಲು' ಪಕ್ಷದ ಐವರನ್ನು ಎಲ್ಲಿ ಕೂರಿಸುವುದು? ಜರ್ಮನಿಯ ಸ್ಯಾಕ್ಸನಿಯ ಈ ಪುಟ್ಟ ಊರಿನಲ್ಲಿ ನಗರಸಭೆಯ ಗುಮಾಸ್ತೆಯಾಗಿ ಇಪ್ಪತ್ತಾರು ವರ್ಷದಿಂದ ಕುರ್ಚಿ ಹಂಚುತ್ತಿದ್ದೇನೆ: ಎಡಪಕ್ಷ ಎಡಕ್ಕೆ, ಬಲಪಕ್ಷ ಬಲಕ್ಕೆ. ಇಂಥ ತಲೆನೋವು ಕಂಡಿಲ್ಲ.

ಎಡಪಕ್ಷದ ಗುದ್ರುನ್ ಬಂದು ಮೇಜು ಗುದ್ದಿದಳು. "ವಲಸೆ ಬಂದೋರನ್ನ ಓಡಿಸಿ ಅನ್ನೋರು ನಮ್ಮ ಪಕ್ಕಾನಾ? ಬಲಕ್ಕೆ ಹಾಕು!"

ಬಲಪಕ್ಷದ ವಿಟಿಶ್ ಅವರದು ಇನ್ನೊಂದು ರಾಗ. "ಪಿಂಚಣಿ ಏರಿಸಿ, ಬ್ಯಾಂಕಿನೋರಿಗೆ ತೆರಿಗೆ ಹಾಕಿ ಅನ್ನೋರು ನಮ್ಮ ಕಡೆಯೋರಾ? ಎಡಕ್ಕೆ ಹಾಕಮ್ಮ."

ಇಬ್ಬರೂ ಹೇಳಿದ್ದು ನಿಜ. ಸಿಟ್ಟು ಬರುವುದು ಅದಕ್ಕೇ.

ಜೂನ್ 19, ಬುಧವಾರ

ಐವರ ಮುಖಂಡ ನನ್ನ ಅಣ್ಣ ಲೋಥರ್. ಗಾಜಿನ ಕಾರ್ಖಾನೆಯ ಯೂನಿಯನ್ನಿನವನು. ಹಿಂದೆ ಹನ್ನೆರಡು ವರ್ಷ ಎಡಪಕ್ಷದ ಸದಸ್ಯನಾಗಿ ಇಲ್ಲೇ ಕೂತವನು.

"ರೋಸಿ, ಕಿಟಕಿ ಪಕ್ಕದ ನನ್ನ ಹಳೇ ಕುರ್ಚಿ ಕೊಡು."

"ಅದು ಎಡಗಡೆ, ಅಣ್ಣ."

"ನಾನೆಲ್ಲಿ ಬದಲಾದೆ? ಆಗ್ಲೂ ದುಡಿಯೋರ ಪರ, ಈಗ್ಲೂ ದುಡಿಯೋರ ಪರ."

"ರೀಮಾನೂ ದುಡಿಯೋಳೇ."

ರೀಮಾ ನನ್ನ ಸೊಸೆ. ಸಿರಿಯಾದವಳು. ಬೇಕರಿಯಲ್ಲಿ ಕೆಲಸ. ಈಗ ಮೂರು ತಿಂಗಳ ಬಸುರಿ.

"ಅವಳ ಮಾತು ಬೇರೆ" ಅಂದವನೇ ಟೋಪಿ ಹಾಕಿಕೊಂಡು ಹೊರಟ. ಏನು ಬೇರೆ? ಕೇಳಬೇಕಿತ್ತು. ಕೇಳಲಿಲ್ಲ. ಹೇಡಿ ನಾನು.

ಜೂನ್ 27, ಗುರುವಾರ

ಕೊನೆಗೆ ನಡುವೆ ಕೂರಿಸಿದೆ. ಎರಡೂ ಪಕ್ಕ ಒಂದೊಂದು ಖಾಲಿ ಕುರ್ಚಿ. ಎಲ್ಲರಿಗೂ ಅಸಮಾಧಾನ, ಆದ್ದರಿಂದ ಎಲ್ಲರದೂ ಒಪ್ಪಿಗೆ.

ಸಂಜೆ ಅಣ್ಣನ ಮೊದಲ ಠರಾವು ಬಂತು. ಮುಚ್ಚಿರುವ ಹೆರಿಗೆ ವಾರ್ಡ್ ಮತ್ತೆ ತೆರೆಯಬೇಕು. ಓದಿ ಖುಷಿಯಾಯಿತು — ಈಗ ಹೆರಿಗೆಗೆ ನಲವತ್ತು ಕಿಲೋಮೀಟರ್ ಹೋಗಬೇಕು. ಎರಡನೆಯ ಸಾಲು: ಹಾಸಿಗೆ ಮೊದಲು ಈ ದೇಶದಲ್ಲೇ ಹುಟ್ಟಿದ ತಾಯಂದಿರಿಗೆ.

ಒಂದೇ ಹಾಳೆ, ಒಂದೇ ಸಹಿ. ಇದನ್ನು ಎಡ ಅನ್ನಲೋ, ಬಲ ಅನ್ನಲೋ... ಮೈ ಉರಿಯಿತು. ಆದರೂ ಟೈಪ್ ಮಾಡಿದೆ. ಸಂಬಳ ಕೊಡುವುದು ಅದಕ್ಕೇ ತಾನೆ.

ಜೂನ್ 30, ಭಾನುವಾರ

ನಮ್ಮ ಮನೆಯಲ್ಲಿ ಮೂರು ಗಂಟೆಯ ಕಾಫಿ. ಸ್ಟ್ರಾಬೆರಿ ಕೇಕು. ಪ್ರತಿ ವಾರದಂತೆ ಅಣ್ಣ ಬಂದ. ದೊಡ್ಡ ತುಂಡನ್ನು ತಾನೇ ರೀಮಾಳ ತಟ್ಟೆಗೆ ಹಾಕಿದ. "ತಿನ್ನಮ್ಮ, ಇಬ್ಬರ ಪಾಲು." ನಟನೆಯಲ್ಲ, ಪ್ರೀತಿಯೇ. ನನಗೆ ಸಹಿಸಲಾಗದ್ದು ಅದು.

ಆಮೇಲೆ ವಾರ್ಡಿನ ವಿಷಯ ಎತ್ತಿದ. ತೆರೆಸಿಯೇ ಬಿಡುತ್ತಾನಂತೆ. ರೀಮಾಳ ಮುಖ ಅರಳಿತು.

"ಹಾಗಾದ್ರೆ ನಂಗೂ ಇಲ್ಲೇ ಹಾಸಿಗೆ ಸಿಗುತ್ತಲ್ವಾ, ಮಾವ?"

ಅಣ್ಣ ಕಪ್ಪು ಕೆಳಗಿಟ್ಟ. ನನ್ನ ಕಡೆ ಕೈ ತೋರಿಸಿದ.

"ಅದನ್ನ ಟೈಪ್ ಮಾಡಿದ್ದು ನಿಮ್ಮತ್ತೆ. ಅವಳನ್ನೇ ಕೇಳು."

ರೀಮಾ ನಗುತ್ತಲೇ ನನ್ನ ಕಡೆ ತಿರುಗಿದಳು. ನಾನು ಅವಳ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದೆ.