ನಿಮ್ಮ ನಗು ಇಲ್ಲಿಗೂ ಬಂದಿದೆ

ಕ್ರಿಸ್ತಶಕ ೨೩೯೧, ನೆರೆದಿಂಗಳು
ಕೃಷ್ಣೆಯ ಹಿನ್ನೀರಿನ ಮೇಲಿಂದ

ಇಪ್ಪತ್ತೊಂದನೆಯ ಶತಮಾನದ ಮಹಾಜನಗಳೇ, ರಸಿಕ ಶಿರೋಮಣಿಗಳೇ, ಸಾಷ್ಟಾಂಗ ನಮಸ್ಕಾರ! ನಿಮ್ಮ ಪಂಚಾಂಗದಲ್ಲಿ ಇಲ್ಲದ ತಿಂಗಳಿನಿಂದ ಬರೆಯುತ್ತಿದ್ದೇನೆ. ನದಿ ಊರೊಳಗೆ ಬಂದು ಕೂತು, ಮನಸ್ಸಾದಾಗ ಎದ್ದು ಹೋಗುವ ದಿನಗಳಿಗೆಂದು ನಾವು ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ, ಅದೇ ನೆರೆದಿಂಗಳು. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ತೇಲುರಂಗದ ಸೂತ್ರಧಾರ ಕಲ್ಮೇಶ. ತೇಲುರಂಗವೆಂದರೆ ದೋಣಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ ನಾಟಕದ ಅಟ್ಟ. ಸಂಜೆಯಾದರೆ ಪ್ರೇಕ್ಷಕರು ಹರಿಗೋಲುಗಳಲ್ಲಿ ಬಂದು ಸುತ್ತ ನೆರೆಯುತ್ತಾರೆ. ದೀಪಗಳು ನೀರಿನಲ್ಲಿ ಕರಗುತ್ತವೆ, ಮೀನುಗಳು ಬಣ್ಣದ ನೆರಳುಗಳನ್ನು ಮೇಯುತ್ತವೆ. ನಟರು ಯಾರು, ಬಿಂಬ ಯಾರದು ಎಂದು ಒಮ್ಮೊಮ್ಮೆ ನನಗೇ ತಿಳಿಯುವುದಿಲ್ಲ.

ನಮ್ಮಲ್ಲಿ ದನಿಕಣಜ ಎಂಬುದೊಂದಿದೆ. ನಿಮ್ಮ ಕಾಲದ ಟಿವಿ, ಸಿನಿಮಾ, ಮೊಬೈಲುಗಳಿಂದ ಹಾರಿಹೋದ ಸದ್ದನ್ನೆಲ್ಲ ಕೂಡಿಟ್ಟ ಉಗ್ರಾಣ. ಮುಟ್ಟಿದರೆ ಸಾಕು, ಸತ್ತವರು ನಗುತ್ತಾರೆ! ಅದಕ್ಕೆ ಹಿಂದಿನ ಕಾಲಕ್ಕೆ ತೆರೆಯುವ ಕಿಂಡಿಯೂ ಇದೆಯಂತೆ. ಈ ಪತ್ರವನ್ನು ಅಲ್ಲಿಂದಲೇ ತೂರುತ್ತೇನೆ. ನಮ್ಮ ಹಾಸ್ಯನಟ ಮುದುಕಪ್ಪ ಆ ಕಣಜದಿಂದ ನಿಮ್ಮದೊಂದು ಟಿವಿ ಹಾಸ್ಯವನ್ನು, ನಗೆಯ ಸಮೇತ, ಎತ್ತಿಕೊಂಡು ಬಂದ. ಸಂಗತಿ ಇಷ್ಟೇ. ಸೀರೆಯುಟ್ಟು ಹೆಂಗಸಿನ ಪಾತ್ರ ಮಾಡಿದ ಗಂಡಸೊಬ್ಬ, ತನ್ನ ಮೇಲೆ ಬಲಾತ್ಕಾರವಾಯಿತೆಂದು ಪೊಲೀಸ್ ಠಾಣೆಗೆ ಬರುತ್ತಾನೆ. ಇನ್ಸ್‌ಪೆಕ್ಟರು ಮೀಸೆ ತಿರುವಿ, “ಸರಿಯಾಗಿ ತಿಳೀಲಿಲ್ಲ, ಮೊದಲಿಂದ ಹೇಳಮ್ಮಾ” ಎನ್ನುತ್ತಾನೆ. ಘೊಳ್ಳೆಂದು ನಗು. “ಇನ್ನೊಂದ್ಸಲ, ನಿಧಾನಕ್ಕೆ.” ಇನ್ನೂ ದೊಡ್ಡ ನಗು.

ನಿನ್ನೆ ಸಂಜೆ ಅದನ್ನು ಆಡಿದೆವು. ಕಣಜದ ನಗು ನೀರಿನ ಮೇಲೆ ಉರುಳಿತು. ಹರಿಗೋಲುಗಳೂ ಅದರ ಜೊತೆ ನಗತೊಡಗಿದವು. ಆಗ, ಮಹಾಜನಗಳೇ, ಮಾತಿನ ನಡುವೆ ಧಡ್ಡನೆ ಪರದೆ ಬಿತ್ತು!

ಪರದೆಯ ಹಗ್ಗ ಹಿಡಿಯುವವಳು ನೀಲಗಂಗೆ. ಮುದುಕಪ್ಪ ಸೀರೆ ಎತ್ತಿ ಕಟ್ಟಿ ಅವಳೆದುರು ಗುಡುಗಿದ.

“ಏ ಗಂಗೀ, ಮಂದಿ ಈಗರ ನಗಾಕ ಹತ್ತಿತ್ತು. ಪರದಿ ಯಾಕ ಬಿಟ್ಟಿ? ಕೈಯಾಗ ಜೀವ ಇಲ್ಲೇನು?”

“ಮುಂಜಾನಿ ನಾ ಕೇಳುಕಟ್ಟಿಗೆ ಹೋಗಬೇಕ್ರೀ ಮಾಮಾ. ಹೊಳಿ ದಂಡಿ ಗುತ್ತಿಗೆದಾರ ನನ್ನ ಮ್ಯಾಲೆ ಬಿದ್ದಿದ್ದನ್ನ ಹೇಳಾಕ. ನಂಗೂ ಮೊದಲಿಂದ ಹೇಳು ಅಂತಾರ. ಹಿಂಗ ನಕ್ರ?”

ಅಲ್ಲಿಯವರೆಗೆ ಅವಳು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಮುದುಕಪ್ಪನ ದನಿ ಕುಸಿಯಿತು.

“ಅದು ಸತ್ತವರ ನಗು, ತಂಗೀ.”

“ಸತ್ತವರು ನಗ್ಲಿ ಬಿಡ್ರಿ. ಮುಂದಿನ ಹರಿಗೋಲ್ದಾಗ ಕುಂತವರು ಯಾರು, ನೋಡ್ರಿ.”

ಪರದೆ ಸರಿಸಿ ನೋಡಿದೆ. ಕೇಳುಕಟ್ಟೆಯೆಂದರೆ ನಮ್ಮ ನ್ಯಾಯದ ಜಾಗ. ಮುಂದಿನ ಹರಿಗೋಲಿನಲ್ಲಿದ್ದವರು ಅಲ್ಲಿ ಕೂತು ಕೇಳುವ ಹಿರಿಯರೇ. ಇನ್ನೂ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಅವರು ಕೆಟ್ಟವರಲ್ಲ, ಸ್ವಾಮೀ. ನೀವೂ ಅಲ್ಲ. ಆದರೆ ಯಾವ ಮಾತಿಗೆ ನಗಬೇಕೆಂದು ನೀವು ಒಮ್ಮೆ ಬಾಯಿಗೆ ಕಲಿಸಿಬಿಟ್ಟರೆ, ಆ ಮಾತನ್ನೇ ಒಬ್ಬಳು ಅಳುತ್ತ ಹೇಳಿದಾಗಲೂ ಬಾಯಿ ತಾನಾಗಿ ನಗುವಿನ ಕಡೆಗೆ ವಾಲುತ್ತದೆ.

ಈಗ ಬೆಳಗಾಗಿದೆ. ಮಂಜು ಕೇಳುಕಟ್ಟೆಯ ಕಂಬಗಳನ್ನು ಅರ್ಧ ನುಂಗಿದೆ. ಹಿರಿಯರು ಗಾಳಿಯಲ್ಲಿ ಕೂತಂತೆ ಕಾಣುತ್ತಾರೆ. ನೀಲಗಂಗೆಯನ್ನು ಕರೆತಂದವನು ಮುದುಕಪ್ಪನೇ. ದಾರಿಯುದ್ದ ತಾನೇ ಹುಟ್ಟು ಹಾಕಿದ. ಅವಳು ಎದ್ದು ನಿಂತಿದ್ದಾಳೆ. ಹಿರಿಯರಲ್ಲೊಬ್ಬರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡಿದ್ದಾರೆ. ಕೆಮ್ಮೋ, ಇನ್ನೊಂದೋ, ಅವಳಿಗೆ ತಿಳಿಯುತ್ತಿಲ್ಲ. ನನಗೂ ತಿಳಿಯುತ್ತಿಲ್ಲ.

ನೀವಿನ್ನೂ ಆ ಹಾಸ್ಯವನ್ನು ನೋಡಿಲ್ಲದಿರಬಹುದು. ನಗು ಇನ್ನೂ ನಿಮ್ಮ ಗಂಟಲಲ್ಲೇ ಇರಬಹುದು. ಕೈಮುಗಿದು ಬೇಡುತ್ತೇನೆ, ಅದೊಂದನ್ನು ನುಂಗಿಬಿಡಿ. ಉಳಿದುದಕ್ಕೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿರಿ, ನಾವೂ ಕಣಜ ತೆರೆದು ನಿಮ್ಮ ಜೊತೆ ನಗುತ್ತೇವೆ.

ಇನ್ನು ಬರೆಯಲಾರೆ. ಅವಳು ಮಾತು ಶುರುಮಾಡಿದಳು.