ಬೆನ್ನಿಗೆ ಹೇಳಿದ ಮಾತು

ರೀ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಎಂದು ಹುಬ್ಬು ಗಂಟಿಕ್ಕಬೇಡಿ. ನನಗೆ ಬೇರೆ ದಾರಿ ಕಾಣಲಿಲ್ಲ. ನಿಮಗೆ ಕೇಳಿಸುವಷ್ಟು ಜೋರಾಗಿ ಹೇಳಿದರೆ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಅದೂ ಅಲ್ಲದೆ, ತಪ್ಪಾಯಿತು ಎನ್ನುವುದನ್ನು ಕಿರುಚಿ ಹೇಳಿದರೆ ಅದು ಇನ್ನೊಂದು ಜಗಳದ ಹಾಗೇ ಇರುತ್ತದೆ.

ಗುರುವಾರ ನೀವು ಕಿವಿಯ ಮೆಷಿನ್ನುಗಳನ್ನು ವಾಪಸ್ ಕೊಡಲು ಹೊರಟಿದ್ದೀರಿ. "ಸರಿಯಾಗಿ ಕೂರಲ್ಲ, ಕಿವಿ ನೋಯತ್ತೆ ಅಂತ ಹೇಳು" ಎಂದು ಕಿವಿ ಪರೀಕ್ಷೆಯ ಮೇಡಂಗೆ ನನ್ನ ಕೈಲೇ ಫೋನ್ ಮಾಡಿಸಿದಿರಿ. ನಾನೂ ಹಾಗೇ ಹೇಳಿದೆ. ಅದು ನಿಜವಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎನ್ನುವುದು ನಿಮಗೂ ಗೊತ್ತಿತ್ತು.

ಮೂವತ್ತೆರಡು ವರ್ಷ ತಗಡಿನ ಶೆಡ್ಡಿನಲ್ಲಿ ಟ್ರಂಕು ಬಡಿದವರ ಕಿವಿ ಅದು. ಒಂದೇ ದಿನ ಹೋದದ್ದಲ್ಲ, ಹಾಗಾಗಿ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಎದುರುಮನೆ ಮೇಷ್ಟ್ರು ಕರೆದರೆ ತಿರುಗುತ್ತಿದ್ದಿರಿ, ನಾನು ಕರೆದರೆ ಇಲ್ಲ. "ಇವರಿಗೆ ಬೇಕಾದ್ದು ಮಾತ್ರ ಕೇಳತ್ತೆ" ಎಂದು ಎಷ್ಟು ಜನರ ಮುಂದೆ ನಿಮ್ಮ ಮಾನ ಕಳೆದಿದ್ದೇನೋ. ಮೇಡಂ ಪರೀಕ್ಷೆಯ ಹಾಳೆ ತೋರಿಸಿ, ಸುತ್ತಿಗೆಯ ಸದ್ದಿಗೆ ಮೊದಲು ಹೋಗುವುದು ಸಣ್ಣ ದನಿಗಳು, ಗಂಡಸರ ದಪ್ಪ ದನಿ ಆಮೇಲೂ ಸಿಗುತ್ತದೆ, ಯಾರೋ ಮಾತಾಡಿದ್ದು ಗೊತ್ತಾದರೂ ಏನು ಮಾತಾಡಿದರು ಎನ್ನುವುದು ಸಿಗುವುದಿಲ್ಲ ಎಂದಾಗ ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ನಿಮ್ಮ ಪಾಲಿಗೆ ಎಲ್ಲರಿಗಿಂತ ಮೊದಲು ಹೋದದ್ದು ನನ್ನ ದನಿ. ಅದನ್ನು ಅಸಡ್ಡೆ ಎಂದುಕೊಂಡು ಹನ್ನೊಂದು ವರ್ಷ ಮುಖ ಊದಿಸಿಕೊಂಡು ಓಡಾಡಿದ್ದೆ.

ಹೇಗೋ ಸಂಸಾರ ನಡೆಸಿದೆವು. ದೀಪ ಎರಡು ಸಲ ಆರಿಸಿ ಹಚ್ಚಿದರೆ ಊಟ, ನೆಲ ತುಳಿದರೆ ಯಾರೋ ಬಂದಿದ್ದಾರೆ. ಬ್ಯಾಂಕಿನವರಿಗೆ ನಾನು, ಗ್ಯಾಸಿನವನಿಗೆ ನಾನು, ನಿಮ್ಮ ಹೊಟ್ಟೆನೋವು ಎಲ್ಲಿ ಎಂದು ಡಾಕ್ಟರು ಕೇಳಿದರೂ ನಾನೇ. ಆ ವರ್ಷಗಳಲ್ಲಿ ನನಗೊಂದು ಕೆಟ್ಟ ಚಾಳಿ ಅಂಟಿತು. ನೀವು ಅಲ್ಲೇ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರೂ ಖಾಲಿ ಕೋಣೆಯಲ್ಲಿ ಮಾತಾಡಿದ ಹಾಗೆ ತಂಗಿಯ ಹತ್ತಿರ ಫೋನಿನಲ್ಲಿ ನಿಮ್ಮ ಬಗ್ಗೆ ಬಾಯಿಗೆ ಬಂದದ್ದು ಹೇಳುವುದು. ದನಿ ತಗ್ಗಿಸುವುದನ್ನೇ ಮರೆತುಬಿಟ್ಟಿದ್ದೆ.

ಮೆಷಿನ್ನು ಬಂದ ಮೊದಲ ದಿನಗಳು ನೆನಪಿವೆಯಾ? ನಲ್ಲಿ ಬಿಟ್ಟರೆ ಬೆಚ್ಚುತ್ತಿದ್ದಿರಿ, ಚಮಚ ಬಿದ್ದರೆ ಕಣ್ಣು ಮುಚ್ಚುತ್ತಿದ್ದಿರಿ. "ಚಪ್ಪಲಿ ಹಿಂಗೆ ಎಳ್ಕೊಂಡು ನಡೀತೀಯಾ ನೀನು? ಯಾವತ್ತಿಂದ?" ಎಂದು ಕೇಳಿ ನಕ್ಕಿರಿ. ಕೇಳಿಸಿಕೊಳ್ಳುವುದು ಕಿವಿಗಿಂತ ತಲೆಗೆ ಜಾಸ್ತಿ ಕೆಲಸ, ಅಭ್ಯಾಸವಾಗಲು ವಾರಗಳೇ ಬೇಕು, ಮೊದಮೊದಲು ದಿನಕ್ಕೆ ಎರಡು ಮೂರು ಗಂಟೆ ಸಾಕು ಎಂದಿದ್ದರು ಮೇಡಂ. ಹಾಗಾಗಿ ಊಟವಾದ ಮೇಲೆ ತೆಗೆದು ಡಬ್ಬಿಗೆ ಹಾಕುತ್ತಿದ್ದಿರಿ. ಐದನೇ ದಿನ ತೆಗೆಯಲಿಲ್ಲ. ನಾನು ನೋಡಲಿಲ್ಲ.

"ಗೋಡೆ ಜೊತೆ ಸಂಸಾರ ಮಾಡಿ ಸಾಕಾಗಿದೆ ಕಣೇ. ಒಂದಿನ ಎಲ್ಲಾ ಬಿಟ್ಟು ನಿನ್ ಹತ್ರ ಬಂದ್ಬಿಡ್ತೀನಿ." ತಂಗಿಗೆ ಫೋನಿನಲ್ಲಿ ಇಷ್ಟೇ ಹೇಳಿದ್ದು. ನೀವು ಪೇಪರ್ ಮಡಿಸಿದಿರಿ, ನಿಮ್ಮ ಲೋಟ ನೀವೇ ತೊಳೆದಿರಿ, ಎರಡೂ ಮೆಷಿನ್ನು ತೆಗೆದು ಡಬ್ಬಿಯಲ್ಲಿಟ್ಟಿರಿ. ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಇವತ್ತಿಗೆ ಹದಿನಾರು ದಿನ.

ಅದು ಸುಳ್ಳು ಎಂದು ನಾನು ಬರೆಯುವುದಿಲ್ಲ. ನನಗೆ ಸುಸ್ತಾಗಿದೆ. ನಮ್ಮಿಬ್ಬರ ಕಿವಿಯ ಕೆಲಸ ಒಬ್ಬಳೇ ಮಾಡಿದ್ದೇನೆ, ಒಂದೊಂದು ಮಾತನ್ನು ಮೂರು ಮೂರು ಸಲ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೆ. ನಿಮಗೂ ಸುಸ್ತಾಗಿರುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ನೆಂಟರ ನಡುವೆ ಕೂತು, ಎಲ್ಲರೂ ನಕ್ಕಾಗ ತಾನೂ ನಗುವುದು ಎಷ್ಟು ದಣಿವಿನ ಕೆಲಸ ಎಂದು ಈಗೀಗ ಹೊಳೆಯುತ್ತಿದೆ.

ಆದರೆ ಅದೊಂದೇ ಮಾತಲ್ಲರೀ ನಾನು ನಿಮ್ಮ ಬೆನ್ನಿಗೆ ಹೇಳಿದ್ದು. ಶೆಡ್ಡು ಮುಚ್ಚಿದ ದಿನ ನೀವು ಹತಾರಗಳನ್ನೆಲ್ಲ ಎಣ್ಣೆ ಸವರಿ ಜೋಡಿಸುತ್ತಿದ್ದಾಗ ಹಿಂದೆ ನಿಂತು, "ನಾನಿದೀನಲ್ಲ, ಬಿಡಿ" ಅಂದಿದ್ದೆ. ನನಗೆ ಆಪರೇಷನ್ ಆದಾಗ ನೀವು ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು ಆ ಕಡೆ ತಿರುಗಿ ತೂಕಡಿಸುತ್ತಿದ್ದಿರಿ, ಆಗಲೂ ಏನೇನೋ ಹೇಳಿದೆ. ಎದುರಿಗೆ ಹೇಳಲು ನಾಚಿಕೆ, ಹಿಂದಿನಿಂದ ಹೇಳಿದರೆ ಕೇಳಿಸುವುದಿಲ್ಲ ಎನ್ನುವ ಧೈರ್ಯ. ಅವು ಯಾವುವೂ ನಿಮ್ಮನ್ನು ಮುಟ್ಟಲಿಲ್ಲ. ಮುಟ್ಟಿದ್ದು ಇದೊಂದು.

ಗುರುವಾರ ಮೆಷಿನ್ನು ಕೊಟ್ಟುಬಂದರೆ, ನಾನು ಹೇಳಿದ್ದರಲ್ಲಿ ನಿಮಗೆ ಕೊನೆಯದಾಗಿ ಪೂರ್ತಿ ಕೇಳಿಸಿದ ಮಾತು ಅದೇ ಆಗಿ ಉಳಿಯುತ್ತದೆ. ಕೋಪ ಬಿಡಿ ಎಂದು ಕೇಳುತ್ತಿಲ್ಲ, ಅದು ನಿಮ್ಮಿಷ್ಟ. ಹಾಕಿಕೊಂಡು ನನ್ನೆದುರು ಬಂದು ಕೂತುಕೊಳ್ಳಿ. ಕಿರುಚದೆ, ನಿಮ್ಮ ಮುಖ ನೋಡಿಕೊಂಡು, ನಿಧಾನವಾಗಿ ಇನ್ನೊಂದು ಮಾತು ಹೇಳುತ್ತೇನೆ. ಕೇಳಿಸಿಕೊಂಡ ಮೇಲೂ ವಾಪಸ್ ಕೊಡಬೇಕು ಅನ್ನಿಸಿದರೆ ನಾನೇ ನಿಮ್ಮ ಜೊತೆ ಬರುತ್ತೇನೆ.

ನಿಮಗೆ ಒಳ್ಳೆಯದಾಗಲಿ. ಇಂತಿ, ಸುಸ್ತಾಗಿದ್ದರೂ ಎಲ್ಲಿಗೂ ಹೋಗದ
ನಿಮ್ಮವಳು