ಕೆಂಪು ಕೊಡೆಯವಳು

ಜನವರಿ 6, ಬೆಳಿಗ್ಗೆ 7

ಮಹಾಜನಗಳೇ! ಚಾಪೆ ಹಾಸಿ ಕೂತವರೇ, ಬೇಲಿ ಹತ್ತಿ ನಿಂತವರೇ, ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ!

ಯಾರೂ ಇಲ್ಲ. ನೋಟ್‌ಬುಕ್ಕು, ಲೋಟದ ತಳದಲ್ಲಿ ಕಾಫಿ. ಆದರೂ ಹೀಗೆ ಕೂಗದೆ ಪೆನ್ನು ಓಡುವುದಿಲ್ಲ.

ನಿನ್ನೆ ಬೆಳಿಗ್ಗೆ ಆಲ್ದೂರು ಸುತ್ತ ಆಟೋದಲ್ಲಿ ಮೈಕು. ನಾಟಕದಲ್ಲಿ ದುರ್ಯೋಧನನಾಗಿ ಗುಡುಗಿದ ಗಂಟಲು ಈಗ ಬಟ್ಟೆ ಅಂಗಡಿಯ ರಿಯಾಯಿತಿ ಸಾರುತ್ತದೆ. ಇರಲಿ. ಮಧ್ಯಾಹ್ನ ವಸ್ತಾರೆಗೆ, ಅಕ್ಕನ ಮನೆಗೆ. ಏಕಾಂತನನ್ನು ಬರಹೇಳು ಎಂದು ಭಾವ ಕರೆಸಿದ್ದರು.

ಭಾವ — ವಿಶ್ವನಾಥ್ ಮೇಷ್ಟ್ರು, ಡ್ರಾಯಿಂಗ್ ಕಲಿಸಿದವರು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದು ಎಂಟು ತಿಂಗಳು. ಇಪ್ಪತ್ತಾರು ವರ್ಷದಿಂದ ಅವರಿಗೊಂದೇ ಹುಚ್ಚು: 'ಐರನ್ ಹಾರ್ಬರ್' ಅನ್ನೋ ವಿಡಿಯೋ ಗೇಮ್. ಏಳು ಭಾಗ ಆಡಿದ್ದಾರೆ. ಎಂಟನೆಯದು, ಕಟ್ಟಕಡೆಯದು, ಈಗ ಬಂದಿದೆ. ಅದರಲ್ಲಿ ಯಾರೂ ಮಾತಾಡುವುದಿಲ್ಲ. ಒಂದಕ್ಷರವೂ ಮೂಡುವುದಿಲ್ಲ. ಚಿತ್ರ, ಅಲೆಯ ಸದ್ದು, ಅಷ್ಟೇ. ಮಗಳು ಸೌಜನ್ಯ ಹಾಸ್ಟೆಲಲ್ಲಿ ಆಡಿ, ರೆಕಾರ್ಡ್ ಮಾಡಿ, ಪೆನ್‌ಡ್ರೈವ್ ಕಳಿಸಿದ್ದಾಳೆ. ಅವಳಿಗೆ ಪರೀಕ್ಷೆ. ಕಥೆ ಬಾಯಿಬಿಡಬೇಡ ಎಂದು ಅವಳಿಗೆ ತಾಕೀತಾಗಿದೆ. ನಾನು ಟಿವಿ ನೋಡುತ್ತ ಹೇಳಬೇಕು, ಅವರು ಕೇಳಬೇಕು.

ಒಪ್ಪಿದೆ. ದನಿ ಇರುವುದು ನನಗೆ ತಾನೆ.

ಜನವರಿ 7

ಮೊದಲ ದಿನ. ಎರಡು ಗಂಟೆ ಹೇಳಿದೆ. ಬಿರುಗಾಳಿ ಬಂದಾಗ ಎದ್ದು ನಿಂತೇ ಹೇಳಿದೆ. ಅಂಗಳದಲ್ಲಿ ಕಾಫಿ ಒಣಗಲು ಹರವುತ್ತಿದ್ದ ಹೆಂಗಸರು ಬಾಗಿಲಿಗೆ ಬಂದರು. ಭಾವ ಮಾತ್ರ, ಗಾಳಿ ಸಾಕು ಮಾರಾಯ, ಕೊಡೆ ಎಲ್ಲಿ ಎಂದರು.

ಕೊಡೆಯ ವಿಷಯ. ಎರಡನೇ ಭಾಗದಲ್ಲಿ ಹಡಗಿನ ಕ್ಯಾಪ್ಟನ್ನಿನ ತಂಗಿ ಸಮುದ್ರಕ್ಕೆ ಬೀಳುತ್ತಾಳೆ. ಆಮೇಲೆ ಅವಳ ಸುದ್ದಿಯಿಲ್ಲ. ಆದರೆ ಪ್ರತಿ ಭಾಗದಲ್ಲೂ ಯಾವುದೋ ಬಂದರಿನಲ್ಲಿ, ದೂರದಲ್ಲಿ, ಒಂದು ಕೆಂಪು ಕೊಡೆ ಹಾದುಹೋಗುತ್ತದೆ. ಅವಳೇ ಅದು, ಬದುಕಿದ್ದಾಳೆ, ಕೊನೆಯಲ್ಲಿ ಕೊಡೆ ಮಡಚಿ ಮುಖ ತೋರಿಸುತ್ತಾಳೆ ಎಂದು ಭಾವನ ವಾದ. ಆಟ ಕಟ್ಟಿದವರು ಶುರುವಿನಲ್ಲೇ ಎಲ್ಲ ಹೆಣೆದಿಟ್ಟಿದ್ದಾರಂತೆ. 2003ರಿಂದ ಇಂಟರ್ನೆಟ್ಟಿನ ಫೋರಂನಲ್ಲಿ ಇದನ್ನೇ ಬರೆದಿದ್ದಾರೆ, ಕೈಯಾರೆ ಚಿತ್ರ ಬಿಡಿಸಿ, ನೂರಾರು ಸಲ. ಅಲ್ಲಿಯವರು ನಕ್ಕರಂತೆ: ಹಳೇ ಚಿತ್ರವನ್ನೇ ತಿರುಗಿ ಅಂಟಿಸಿದ್ದಾರೆ ಅಷ್ಟೇ ಮೇಷ್ಟ್ರೇ, ಎಂದು.

"ಕಣ್ಣು ಹೋಯ್ತು, ಹೋಗ್ಲಿ," ಎಂದರು ಭಾವ. "ಕಂಡಷ್ಟು ದಿನ ಸರಿಯಾಗೇ ಕಂಡಿದ್ದೆ ಅಂತ ಗೊತ್ತಾದ್ರೆ ಸಾಕು."

ಜನವರಿ 9, ಸಂಜೆ 6

ಇಂದು ಮುಗಿಯಿತು.

ಕೊನೆಯ ದೃಶ್ಯ. ಕ್ಯಾಪ್ಟನ್ ಮುದುಕನಾಗಿ ಹಡಗು ನಿಲ್ಲುವ ದಕ್ಕೆಯಲ್ಲಿ ಕೂತಿದ್ದಾನೆ. ದೂರದಲ್ಲಿ ಕೆಂಪು. ಕೊಡೆ ಬಂತು ಭಾವ ಎಂದೆ. ಅವರು ಕುರ್ಚಿಯ ಕೈ ಹಿಡಿದುಕೊಂಡರು. ಆಗಲಾದರೂ ಅವರು ಸುಮ್ಮನಿರಬಾರದಿತ್ತೇ?

"ನೋಡ್ಕೋ ಏಕಾಂತ. ಕಥೆ ಹೆಣೆಯೋದು ಅಂದ್ರೆ ಇದು. ನಿನ್ನ ನಾಟಕದ ಥರ ಬಂದವನಿಗೆ ಸಿಕ್ಕಿದ ವೇಷ ಅಲ್ಲ."

ನನ್ನ ನಾಟಕ. ಜೀವಮಾನದಲ್ಲಿ ಬರೆದದ್ದು ಒಂದೇ. ಭೀಮನ ಪಾತ್ರಧಾರಿ ಜ್ವರ ಬಂದು ಮಲಗಿದ, ಮೂರನೇ ಅಂಕದಲ್ಲಿ ಭೀಮನನ್ನು ವನಕ್ಕೆ ಕಳಿಸಿದೆ. ಆ ದಿನ ಭಾವ ಸಭೆಯ ನಡುವೆ ಎದ್ದು, ಇದು ನಾಟಕವಲ್ಲ, ತೇಪೆ ಹಾಕಿದ ಗೋಣಿಚೀಲ ಎಂದಿದ್ದರು. ಊರೇ ನಕ್ಕಿತ್ತು. ಮತ್ತೆ ಬರೆಯಲಿಲ್ಲ.

ಟಿವಿಯಲ್ಲಿ ಕೊಡೆ ಹತ್ತಿರ ಬಂತು. ನಿಂತಿತು. ಮಡಚಿಕೊಂಡಿತು. ನರೆಗೂದಲ ಹೆಂಗಸು. ತಂಗಿ. ಅಣ್ಣನ ಪಕ್ಕ ಕೂತಳು. ನನ್ನ ಕಣ್ಣು ತುಂಬಿತು — ಸುಳ್ಳೇಕೆ.

ಬಾಯಿ ತೆರೆದೆ. ಬಂದದ್ದು ಬೇರೆ.

"ಮೀನು ಮಾರೋನು, ಭಾವ. ಕೊಡೆ ಹಿಡ್ಕೊಂಡು ಹಾಗೇ ದಾಟಿ ಹೋದ. ಮುಗೀತು."

ಮೆಲ್ಲಗೆ ಹೇಳಿದೆ. ಅಭಿನಯವಿಲ್ಲದೆ. ನಾನು ಹಾಗೆ ಮಾತಾಡಿದ್ದನ್ನು ನಾನೇ ಕೇಳಿರಲಿಲ್ಲ.

ಅವರು ಮುಖವನ್ನು ಟಿವಿಯ ಕಡೆಗೇ ಇಟ್ಟುಕೊಂಡಿದ್ದರು.

ಜನವರಿ 10

ಭರ್ಜರಿ ನಿದ್ದೆ. ಎದ್ದವನೇ ಮೂರು ಇಡ್ಲಿ ಹೆಚ್ಚು ತಿಂದೆ.

ಜನವರಿ 16

ಅಕ್ಕನ ಫೋನು. ಭಾವ ಊಟ ಬಿಟ್ಟಿದ್ದಾರೆ. ಇನ್ಸುಲಿನ್ ಚುಚ್ಚಲು ಹೋದರೆ ಕೈ ತಳ್ಳುತ್ತಾರೆ. "ಅದೇನು ಹೇಳ್ದೆಯೋ ಅವ್ರಿಗೆ?" ಎಂದಳು. ಆಟ ಮುಗಿದ ಬೇಜಾರು ಅಕ್ಕ, ಎಂದೆ.

ಸೌಜನ್ಯಗೆ ಫೋನ್ ಮಾಡಿ ಎಲ್ಲ ಒದರಿಬಿಟ್ಟೆ. ಅವಳು ಬೈಯಲಿಲ್ಲ. ಫೋನ್ ಇಟ್ಟಳು.

ಜನವರಿ 17

ಹೋದೆ. ನಿಜ ಹೇಳಿದೆ. ಹೇಗೆ ಹೇಳಿದೆ! ಮಂಡಿಯೂರಿದೆ. ಎದೆ ಬಡಿದುಕೊಂಡೆ. ಕೊಡೆ ಮಡಚಿದ್ದನ್ನು, ನರೆಗೂದಲನ್ನು, ಅಣ್ಣನ ಪಕ್ಕ ಕೂತದ್ದನ್ನು, ಗೋಡೆ ನಡುಗುವಂತೆ ಹೇಳಿದೆ. ಅಕ್ಕ ಅತ್ತಳು. ಅಂಗಳದ ಹೆಂಗಸರೂ ಕಣ್ಣೊರೆಸಿಕೊಂಡರು.

ಭಾವ ನಕ್ಕರು.

"ಅಕ್ಕ ಕಳಿಸಿದ್ಲಾ? ಊಟ ಮಾಡ್ಲಿ ಅಂತ? ಮೊನ್ನೆ ಹೇಳಿದ್ದೊಂದೇ ಕಣೋ ನೀನು ಜೀವಮಾನದಲ್ಲಿ ನೇರ ಹೇಳಿದ್ದು. ಅದಕ್ಕೂ ತೇಪೆ ಹಾಕ್ಬೇಡ."

ಆಣೆ ಇಟ್ಟೆ. ಸಾವಿರ ಆಣೆ ಸ್ಟೇಜಿನ ಮೇಲೆ ಇಟ್ಟವನು ನೀನು ಎಂದರು. ಫೋರಂನಲ್ಲಿ ಏನು ಬರೆದಿದ್ದಾರೆಂದು ಓದಿಸಿಕೊಳ್ಳಿ ಎಂದೆ. ಓದೋದೂ ನೀವೇ ತಾನೆ ಎಂದರು.

ಜನವರಿ 18

ಪರೀಕ್ಷೆ ಮುಗಿಸಿ ಸೌಜನ್ಯ ಬಂದಳು. ಅಪ್ಪನ ಕೈ ಹಿಡಿದು ಎಲ್ಲ ಹೇಳಿದಳು, ಅಕ್ಷರ ಬದಲಿಸದೆ. ಅವರು ಪೂರ್ತಿ ಕೇಳಿದರು. ಒಂದೇ ಪ್ರಶ್ನೆ: "ಮಾವ ಫೋನ್ ಮಾಡಿದ್ನಾ ನಿಂಗೆ?"

ಹುಡುಗಿಗೆ ಸುಳ್ಳು ಬರುವುದಿಲ್ಲ. ಹೌದು ಎಂದಳು.

ಮಗಳ ತಲೆ ಸವರಿದರು. ಮಾವ ಹೇಳಿಕೊಟ್ಟದ್ದನ್ನು ಚೆನ್ನಾಗಿ ಒಪ್ಪಿಸಿದೆ ಎಂದರು.

ಜನವರಿ 19, ಸಂಜೆ 5

ಭಾವ ಊಟ ಮಾಡಿದರು. ಸೂಜಿಯನ್ನೂ ಚುಚ್ಚಿಸಿಕೊಂಡರು. ಶಾಂತವಾಗಿದ್ದಾರೆ. ಅಕ್ಕನಿಗೆ ಅಷ್ಟೇ ಸಮಾಧಾನ.

ಫೋರಂನಲ್ಲಿ ಬರೆದದ್ದನ್ನೆಲ್ಲ ಅಳಿಸಬೇಕಂತೆ. ಜನ ಇನ್ನೂ ಓದಿ ನಗುವುದು ಬೇಡವಂತೆ. ಸೌಜನ್ಯ ಒಲ್ಲೆ ಎಂದು ಒಳಗೆ ಹೋದಳು. ಪಾಸ್‌ವರ್ಡ್ ನನಗೆ ಹೇಳಿದರು. ಮಗಳ ಹುಟ್ಟಿದ ದಿನ.

ಗೇಟಿನವರೆಗೂ ಬಂದಳು ಹುಡುಗಿ. ಈಗ ಫೋರಂನಲ್ಲಿ ಪ್ರಪಂಚವೆಲ್ಲ ಅಪ್ಪನ ಹೆಸರು ಹೇಳುತ್ತಿದೆಯಂತೆ, ಇಪ್ಪತ್ತೆರಡು ವರ್ಷ ಮೊದಲೇ ಕಂಡವರು ಎಂದು, ಆ ಚಿತ್ರಗಳನ್ನೇ ಹಂಚಿಕೊಳ್ಳುತ್ತ. "ಅಳಿಸ್ದೆ ಅಂತ ಸುಳ್ಳು ಹೇಳಿ ಮಾವ. ನಿಮಗೆ ಬರುತ್ತಲ್ಲ."

ಹೇಳಬಹುದಿತ್ತು. ಆದರೆ ಭಾವ ಎಲ್ಲ ಯೋಚಿಸಿದ್ದಾರೆ. ಕಂಪ್ಯೂಟರಿನ ಓದುವ ದನಿ ಹಾಕಿಸಿಕೊಂಡಿದ್ದಾರೆ. ಪ್ರತಿಯೊಂದು ಅಳಿದಾಗ ಅದು 'ಡಿಲೀಟೆಡ್' ಎಂದು ಕೂಗುತ್ತದೆ. ಮೊದಲು ನಾನು ಒಂದೊಂದನ್ನೂ ಗಟ್ಟಿಯಾಗಿ ಓದಬೇಕು, ಆಮೇಲೆ ಅಳಿಸುವ ಗುಂಡಿ ಒತ್ತಬೇಕು. ಅದೇ ದನಿ ಫೋರಂ ಓದಲಿ ಬಿಡಿ ಎಂದು ಬೇಡಿಕೊಂಡೆ. ಇನ್ನು ಆ ಆಟದ ಒಂದು ಮಾತೂ ಈ ಮನೆಯಲ್ಲಿ ಬೇಡ ಎಂದರು.

ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋಗುತ್ತೇನೆ. 2003ರಿಂದ ಶುರುಮಾಡುತ್ತೇನೆ. ಓದುತ್ತೇನೆ, ಒತ್ತುತ್ತೇನೆ, ಓದುತ್ತೇನೆ, ಒತ್ತು—